ಅಕ್ಕನಂತೆ ತಂಗಿ

ಸಿರುಗುಪ್ಪದ ಹುಲುಗಮ್ಮನ ಮುಂದೆ ನಿಂತು "ನನ್ನಿಂದ ಆಗೋದಿಲ್ಲ" ಎಂದವರು ಕಡಿಮೆ. ಒಂದು ಸಲ ಅಂದವರಿದ್ದಾರು, ಎರಡನೇ ಸಲ ಅಂದವರಿಲ್ಲ. ನೆಲ್ಲು ಹಚ್ಚುವ ಕಾಲ ಬಂತೆಂದರೆ ಓಣಿಯ ಹೆಂಗಸರನ್ನೆಲ್ಲ ಕೋಳಿ ಕೂಗುವ ಹೊತ್ತಿಗೆ ಎಬ್ಬಿಸಿ, ಕಾಲುವೆ ಕೆಳಗಿನ ಗದ್ದೆಗಳಿಗೆ ಹೊರಡಿಸುವವಳು ಅವಳೇ. ಮೊಣಕಾಲು ಮಟ ಕೆಸರಿಗಿಳಿದು, ಸೊಂಟ ಬಗ್ಗಿಸಿ ಸಸಿ ಊರುತ್ತ ಹಿಂದಹಿಂದಕ್ಕೆ ಸರಿಯತೊಡಗಿದಳೆಂದರೆ ಮಧ್ಯಾಹ್ನ ರೊಟ್ಟಿಗಂಟು ಬಿಚ್ಚುವವರೆಗೆ ತಲೆ ಎತ್ತುವ ಮಾತಿಲ್ಲ. ಐವತ್ತು ದಾಟಿದೆ, ಆದರೆ ವಯಸ್ಸೇ ಅವಳಿಗೆ ಹೆದರಿಕೊಂಡು ದೂರ ನಿಂತಿದೆ ಎಂದು ಓಣಿಯವರು ನಗುತ್ತಿದ್ದರು.

ಗಂಡ ತೀರಿಕೊಂಡ ಮೇಲೆ ಇಬ್ಬರು ಗಂಡುಮಕ್ಕಳನ್ನು ಒಬ್ಬಳೇ ದಡ ಮುಟ್ಟಿಸಿದ್ದಳು. ದೊಡ್ಡವನು ಸುಂಕಣ್ಣ, ಅಕ್ಕಿ ಮಿಲ್ಲಿನಲ್ಲಿ ಹಮಾಲಿ. ಸಣ್ಣವನು ಹೊನ್ನೂರಪ್ಪ, ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕುವ ಕೆಲಸ. ಇಬ್ಬರಿಗೂ ಹೊರಗಿನ ಹೆಣ್ಣು ತರಲಿಲ್ಲ. ಕುರುಗೋಡಿನಲ್ಲಿದ್ದ ತಮ್ಮ ಕೆಂಚಣ್ಣನ ಇಬ್ಬರು ಹೆಣ್ಣುಮಕ್ಕಳನ್ನೇ ಸೊಸೆ ಮಾಡಿಕೊಂಡಳು. ಮೊದಲು ದೊಡ್ಡವಳು ಹಂಪಮ್ಮ, ನಾಲ್ಕು ವರ್ಷ ಬಿಟ್ಟು ಸಣ್ಣವಳು ಈರಮ್ಮ. ಇದರಲ್ಲಿ ಪ್ರೀತಿ ಎಷ್ಟಿತ್ತೋ ಹಟವೂ ಅಷ್ಟೇ ಇತ್ತು. ತವರೂರು ಮೋಕದಲ್ಲಿ ತನ್ನ ಬೆನ್ನಿಗೆ ಹುಟ್ಟಿ, ತನ್ನ ಕಂಕುಳಲ್ಲಿ ಬೆಳೆದ ತಮ್ಮ, ಮದುವೆಯಾದದ್ದೇ ತಡ ಹೆಂಡತಿ ಗಾದೆಮ್ಮನ ಊರಿಗೆ ಮನೆಅಳಿಯನಾಗಿ ಹೋಗಿಬಿಟ್ಟದ್ದನ್ನು ಅವಳು ಇನ್ನೂ ಮರೆತಿರಲಿಲ್ಲ. "ತಮ್ಮನ್ನ ಗಾದಿ ಇಟ್ಕೊಂಡ್ಳು, ಮಕ್ಕಳನ್ನ ನಾ ಕರ್ಕೊಂಡ್ಬಂದ್ನಿ" ಎಂದು ಎದುರಿಗೇ ಅಂದು ನಗುವಳು. ಗಾದೆಮ್ಮನೂ ನಗುವಳು, ಆದರೆ ಹಲ್ಲು ಕಾಣದಂತೆ.

ಹಂಪಮ್ಮ ಅತ್ತೆಯಂತೆಯೇ ಕಪ್ಪಗೆ, ಎತ್ತರಕ್ಕೆ, ಕೂಗಿದರೆ ಕಾಲುವೆ ಆಚೆಗೂ ಕೇಳುವ ಗಂಟಲಿನವಳು. "ಥೇಟ್ ನನ್ನಂಗ. ನಮ್ಮ ಮೋಕದ ರಕ್ತ ಅದು" ಎಂದು ಹುಲುಗಮ್ಮ ಎದೆ ಉಬ್ಬಿಸುವಳು. ಈರಮ್ಮ ಸಣಕಲು ಮೈಯವಳು, ಮೆಲುದನಿಯವಳು, ಕಣ್ಣಿನ ಬಿಳಿಯಲ್ಲಿ ಯಾವಾಗಲೂ ಒಂಚೂರು ಹಳದಿ. "ಇದು ಪೂರಾ ಕುರುಗೋಡು" ಎಂದು ಅವಳ ಲೆಕ್ಕ ಅಲ್ಲಿಗೇ ಮುಗಿಸುವಳು.

ಆ ಈರಮ್ಮ ಆಗಾಗ ಕೈಕಾಲು ನೋವೆಂದು ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದಳು. ಹುಲುಗಮ್ಮ ತಾಯಿತ ಕಟ್ಟಿಸಿದಳು, ಬೇವಿನೆಣ್ಣೆ ತಿಕ್ಕಿದಳು, ಕೊನೆಗೆ ಬೈದಳು. ಬೈದರೂ ಗುಣವಾಗದ್ದರಿಂದ ಹೊನ್ನೂರಪ್ಪ ಹೆಂಡತಿಯನ್ನು ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಕರೆದೊಯ್ದ. ಅಲ್ಲಿನ ಡಾಕ್ಟರಮ್ಮ ರಕ್ತ ತೆಗೆದುಕೊಂಡು, ಒಡಹುಟ್ಟಿದವರಿದ್ದರೆ ಅವರನ್ನೂ ಕರೆತನ್ನಿ ಎಂದರು. ಹಂಪಮ್ಮ ಹೋಗಿ ರಕ್ತ ಕೊಟ್ಟು, ಬಸ್‌ಸ್ಟ್ಯಾಂಡಿನಲ್ಲಿ ಒಗ್ಗರಣಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು, ಸಿನಿಮಾ ನೋಡಿ ಬಂದವಳ ಹಾಗೆ ಕುಶಾಲಿನಿಂದ ಬಂದಳು.

ಎಂಬತ್ತೆರಡರ ಸಂಕ್ರಾಂತಿ ಕಳೆದು, ಬೇಸಿಗೆ ಬೆಳೆಗೆ ಕಾಲುವೆ ನೀರು ಬಿಟ್ಟಿದ್ದರು. ನಾಟಿ ಆಗತಾನೇ ಶುರುವಾಗಿತ್ತು. ಬಳ್ಳಾರಿಗೆ ಹೋಗಿದ್ದ ಹೊನ್ನೂರಪ್ಪ ಸಂಜೆ ಮನೆಗೆ ಬಂದಾಗ ಹುಲುಗಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ಯವ್ವಾ, ರಕ್ತದ್ದು ಗೊತ್ತಾತು. ಇಬ್ಬರಿಗೂ ಒಂದೇ ಕಾಯಿಲಿ ಐತಂತ."

"ಯಾರಿಬ್ಬರಿಗೆ?"

"ಈರಿಗೂ, ಹಂಪಕ್ಕಗೂ. ರಕ್ತದಾಗಿನ ಕಣ ದುಂಡಗ ಇರಬೇಕಂತ. ಇವರವು ಕುಡುಗೋಲಿನಂಗ ಬಾಗ್ತಾವಂತ. ಬಾಗಿ ಸಣ್ಣ ನರದಾಗ ಸಿಕ್ಕೊಂತಾವಂತ. ಅದಕ್ಕ ನೋವು."

ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. ಮೂಲೆಯಲ್ಲಿ ಮಗಳು ಗಂಗಿಗೆ ಅನ್ನ ಕಲಸಿ ತಿನ್ನಿಸುತ್ತಿದ್ದ ಹಂಪಮ್ಮ ಕಣ್ಣರಳಿಸಿದಳು.

"ನನಗೂ ಐತಾ? ನನಗೇನಾಗೈತಿ, ಗುಂಡುಕಲ್ಲಿನಂಗ ಅದೀನಿ!"

"ಐತಂತ. ಇಬ್ಬರದೂ ಒಂದೇ ನಮೂನಿ ಅಂದ್ರು. ಆದ್ರ ಈರಿ ತಣ್ಣೀರಾಗ ಇಳೀಬಾರದಂತ, ದಣೀಬಾರದಂತ..."

"ತಡಿ ತಡಿ." ಹುಲುಗಮ್ಮ ಹಿಟ್ಟಿನ ಕೈಯನ್ನೇ ಎತ್ತಿದಳು. ಅವಳ ಮುಖದಲ್ಲಿ ಗೆಲುವು ಕಾಣಿಸಿಕೊಂಡಿತ್ತು. "ಇಬ್ಬರಿಗೂ ಒಂದೇ ಕಾಯಿಲಿ ಅಂದ್ರು, ಹೌದಲ್ಲ? ಹಂಪಿ ಇವತ್ತೂ ನನ್ನ ಸಮ ನೆಲ್ಲು ಹಚ್ಚಿ ಬಂದಾಳ. ಬಂದು ನೀರು ಹೊತ್ತಾಳ. ಹಂಗಾದ್ರ ಕಾಯಿಲಿದೇನು ತಪ್ಪಿಲ್ಲ. ತಪ್ಪಿರೋದು ನಿನ್ನ ಅತ್ತಿ ಗಾದೀದು. ಬಿಸಿನೀರು ಎರದು, ಗಂಜಿ ಕುಡಿಸಿ, ಆಕೀನ ಬೆಣ್ಣಿಮುದ್ದಿ ಮಾಡಿ ಕಳಿಸ್ಯಾಳ."

"ಯವ್ವಾ, ಡಾಕ್ಟ್ರು ಹೇಳಿದ್ದು ಪೂರ್ತಿ ಕೇಳು."

"ಕೇಳೀನಿ. ನಾಳಿಂದ ಹಂಪಿ ಮಾಡಿದ್ದೆಲ್ಲ ಈರಿ ಮಾಡಬೇಕು. ಹಂಪಿ ಎದ್ದಾಗ ಏಳಬೇಕು, ಹಂಪಿ ತಿಂದಿದ್ದು ತಿನ್ನಬೇಕು. ಈ ನಾಟಿ ಮುಗಿಯೋದ್ರಾಗ ನೆಟ್ಟಗಾದ್ಳೋ, ಸರಿ. ಇಲ್ಲಂದ್ರ ಕುರುಗೋಡಿಗೆ ಬಿಟ್ಟು ಬರ್ತೀನಿ. ಅವ್ವನ ಮಗ್ಗಲಾಗ ಮಲಗಿರ್ಲಿ."

ಹೊನ್ನೂರಪ್ಪ ಬಾಯಿ ತೆರೆದ, ಮುಚ್ಚಿದ. ಅವನ ಜನ್ಮವೆಲ್ಲ ಹಾಗೇ ಕಳೆದಿತ್ತು. ನಡುಮನೆಯ ಕತ್ತಲಲ್ಲಿ ಕೂತಿದ್ದ ಈರಮ್ಮ ಮಾತ್ರ ಎದ್ದು ಬಂದು ಬಾಗಿಲಲ್ಲಿ ನಿಂತಳು.

"ಮಾಡ್ತೀನಿ ಅತ್ತಿ. ಅಕ್ಕಗ ಆಗೋದು ನನಗ್ಯಾಕ ಆಗೋದಿಲ್ಲ? ಕುರುಗೋಡಿಗೆ ಮಾತ್ರ ಕಳಿಸಬ್ಯಾಡ."

ಮರುದಿನದಿಂದ ಆ ಮನೆಯಲ್ಲಿ ಎಲ್ಲವೂ ಜೋಡಿ ಜೋಡಿಯಾಗಿ ನಡೆಯಿತು. ಹಂಪಮ್ಮ ಕಾಲುವೆಯಲ್ಲಿ ಮುಳುಗಿ ಎದ್ದರೆ ಈರಮ್ಮನೂ ಹಲ್ಲು ಕಟಕಟಿಸುತ್ತ ಮುಳುಗಿ ಏಳುವಳು. ಹಂಪಮ್ಮ ರೊಟ್ಟಿಗೆ ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ ಕಚ್ಚಿಕೊಂಡರೆ ಈರಮ್ಮನ ತಾಟಿಗೂ ಅಷ್ಟೇ ಬೀಳುವುದು. ಹಂಪಮ್ಮನಿಗೆ ನೀರು ಕುಡಿಯುವ ಚಟ, ಚೊಂಬುಗಟ್ಟಲೆ ಕುಡಿಯುವಳು. ಈರಮ್ಮನೂ ಕುಡಿದಳು. ಇದೊಂದೇ ಅವಳಿಗೆ ನಿಜವಾಗಿ ಒಳ್ಳೆಯದಾದ ಕೆಲಸ ಎಂದು ಆಮೇಲೆ ತಿಳಿಯಿತು. ಒಂದು ದಿನ ಹಂಪಮ್ಮ ಸೀನಿದಾಗ ಸುಂಕಣ್ಣ, "ಈರೀ, ನೀನೂ ಸೀನವ್ವಾ, ಇಲ್ಲಂದ್ರ ನಮ್ಮವ್ವ ಬಿಡೋದಿಲ್ಲ" ಎಂದ. ಮನೆಯೆಲ್ಲ ನಕ್ಕಿತು. ಈರಮ್ಮನೂ ನಕ್ಕಳು. ಹುಲುಗಮ್ಮ ಸೌಟು ಎತ್ತಿ ಮಗನನ್ನು ಅಟ್ಟಿಸಿಕೊಂಡು ಹೋಗುವಾಗ ಅವಳಿಗೂ ನಗು ತಡೆಯಲಿಲ್ಲ.

ವಿಚಿತ್ರವೆಂದರೆ ಎರಡು ವಾರ ಈರಮ್ಮ ಮಲಗಲಿಲ್ಲ. ಗದ್ದೆಯಲ್ಲಿ ಅಕ್ಕನ ಮಗ್ಗುಲಲ್ಲೇ ನಿಂತು ಹಚ್ಚಿದಳು. ಸಂಜೆ ಮನೆಗೆ ಬಂದು ಪಾತ್ರೆ ಬೆಳಗಿದಳು. ಆ ಕಾಯಿಲೆ ಬರುವಾಗ ಬರುತ್ತದೆ, ಬಿಡುವಾಗ ಬಿಡುತ್ತದೆ ಎಂದು ಹುಲುಗಮ್ಮನಿಗೆ ಯಾರು ಹೇಳಬೇಕು? ತನ್ನ ಔಷಧಿ ಹತ್ತಿತೆಂದು ಓಣಿಯಲ್ಲೆಲ್ಲ ಸಾರಿದಳು. ಮಗಳನ್ನು ನೋಡಲು ಹುರಿದ ಶೇಂಗಾ ಕಟ್ಟಿಕೊಂಡು ಬಂದ ಗಾದೆಮ್ಮನಿಗಂತೂ ಮೊದಲು ಅದನ್ನೇ ಬಡಿಸಿದಳು.

"ನೋಡು ಗಾದೀ, ನಿನ್ನ ಬೆಣ್ಣಿಮುದ್ದಿ ಹೆಂಗ ಗಟ್ಟಿಯಾಗೈತಿ."

ಗಾದೆಮ್ಮ ಮಗಳ ಮುಖ ನೋಡಿದಳು. ಗಂಡನ ಅಕ್ಕನನ್ನು ಅವಳು ವದಿನಿ ಎಂದು ಕರೆಯುತ್ತಿದ್ದಳು. ಮಾತಿಗೆ ಮಾತು ಕೊಟ್ಟದ್ದು ಕಡಿಮೆ.

"ಕಣ್ಣು ಬಾಳ ಹಳದಿಯಾಗ್ಯಾವ ವದಿನೀ. ಆಕಿಗೆ ಥಂಡಿ ನೀರು ಒಗ್ಗಂಗಿಲ್ಲ."

"ಒಗ್ಗೈತಿ! ಕಣ್ಮುಂದ ಐತಿ, ಕಾಣಂಗಿಲ್ಲೇನು?"

ಗಾದೆಮ್ಮ ಇನ್ನೇನೋ ಹೇಳಲು ಹೋದಳು. ಈರಮ್ಮ ಹಿಂದೆ ನಿಂತು ಬೇಡವೆಂಬಂತೆ ತಲೆಯಾಡಿಸಿದಳು. ತಾಯಿ ಶೇಂಗಾದ ಗಂಟು ಇಟ್ಟು ಮಧ್ಯಾಹ್ನದ ಬಸ್ಸಿಗೇ ಹೊರಟುಹೋದಳು. ಹುಲುಗಮ್ಮನಿಗೆ ಅಂದು ಎರಡು ರೊಟ್ಟಿ ಹೆಚ್ಚಿಗೆ ಇಳಿದವು.

ಅದಾದ ಮೇಲಿನ ವಾರ ಮೂಡಣ ಗಾಳಿ ಎದ್ದಿತು. ಬೆಳಗಿನ ಗದ್ದೆ ನೀರು ಮುಟ್ಟಿದರೆ ಬೆರಳು ಕೊರೆಯುತ್ತಿತ್ತು. ಹುಲುಗಮ್ಮ ಸಾಲಿನ ತುದಿಯಿಂದ ನೋಡಿದಾಗ ಈರಮ್ಮ ಎಡಗೈಯನ್ನು ಮೊಣಕಾಲಿಗೆ ಊರಿಕೊಂಡು ಒಂದೇ ಕೈಯಲ್ಲಿ ಸಸಿ ಊರುತ್ತಿದ್ದಳು.

"ಲೇ ಈರೀ, ಸಾಲು ಸೊಟ್ಟಾಗ್ತೈತಿ!"

ಈರಮ್ಮ ಸಾಲು ನೇರ ಮಾಡಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಸೊಟ್ಟಾಯಿತು. ಹುಲುಗಮ್ಮ ಬೈಯಲೆಂದು ಕೆಸರು ತುಳಿಯುತ್ತ ಹತ್ತಿರ ಹೋದಳು. ಈರಮ್ಮ ಸೆರಗಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದಳು. ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಕೈ ಮಾತ್ರ ಸಸಿ ಊರುತ್ತಲೇ ಇತ್ತು.

"ಏನಾತು? ಲೇ, ಏನಾತು ಹೇಳು!"

"ಏನಿಲ್ಲತ್ತಿ," ಎಂದಳು ಈರಮ್ಮ. "ಎದಿ ಹಿಡದೈತಿ. ಉಸುರು... ಹಚ್ತೀನಿ, ಹಚ್ತೀನಿ."

ಅಷ್ಟು ಹೇಳಿ ಮುಂದಕ್ಕೆ ಕೆಸರಿಗೆ ಕುಸಿದಳು. ಹಂಪಮ್ಮ ಕೈಯಲ್ಲಿದ್ದ ಸಸಿಕಟ್ಟು ಎಸೆದು ಓಡಿಬಂದು ತಂಗಿಯನ್ನು ಎತ್ತಿ ಬದುವಿಗೆ ಹೊತ್ತಳು. ಮೈ ಕೆಂಡದಂತೆ ಸುಡುತ್ತಿತ್ತು, ತುಟಿ ನೀಲಿಗಟ್ಟಿತ್ತು. ಯಾರೋ ಮಿಲ್ಲಿಗೆ ಓಡಿದರು. ಸುಂಕಣ್ಣ ಮಾಲಕರ ಕಾಲು ಹಿಡಿದು ಅಕ್ಕಿ ಲಾರಿಯನ್ನು ಗದ್ದೆಯ ಹಾದಿಗೇ ತಿರುಗಿಸಿದ. ಲಾರಿಯ ಮೇಲೆ ಹತ್ತಿಸುವಾಗ ಹಂಪಮ್ಮ ಅತ್ತೆಯ ಕಡೆ ತಿರುಗಿದಳು. ಆ ಮನೆಗೆ ಬಂದು ಆರು ವರ್ಷದಲ್ಲಿ ಅವಳು ಹಾಗೆ ಮಾತಾಡಿದ್ದು ಅದೇ ಮೊದಲು.

"ನನ್ನ ಹೆಸರು ಹೇಳಿ ಆಕೀನ ಕೊಲ್ತಿದ್ದೆಲ್ಲ ಅತ್ತೀ! ರಾತ್ರಿಯೆಲ್ಲ ನರಳ್ತಿದ್ಳು. ಅತ್ತಿಗೆ ಹೇಳಬ್ಯಾಡ, ಊರಿಗೆ ಕಳಿಸ್ತಾಳ ಅಂತ ನನ್ನ ಕಾಲು ಹಿಡಕೊಂಡ್ಳು. ನನಗ ಬುದ್ಧಿ ಇಲ್ಲ, ಸುಮ್ನಾದೆ. ನಿನಗ ಕಣ್ಣಿದ್ದಿಲ್ಲೇನು?"

ಹುಲುಗಮ್ಮ ಲಾರಿಯಲ್ಲಿ ಚೀಲಗಳ ಮೇಲೆ ಕೂತು, ಈರಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಳ್ಳಾರಿಯವರೆಗೆ ಕೆನ್ನೆಯ ಕೆಸರು ಒರೆಸುತ್ತಲೇ ಹೋದಳು. ಕೆಸರು ಎಂದೋ ಹೋಗಿತ್ತು.

ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ, ಕೈಗೆ ಗ್ಲೂಕೋಸು ಹಚ್ಚಿದರು. ಅದೇ ರೋಗ ಎದೆಗೆ ಹೊಕ್ಕಿದೆ, ನಾಲ್ಕು ದಿನ ಏನೂ ಹೇಳಲಾಗದು ಎಂದರು ಡಾಕ್ಟರಮ್ಮ. ಹಂಪಮ್ಮ ಗಂಗಿಯನ್ನೂ ಮನೆಯನ್ನೂ ನೋಡಿಕೊಳ್ಳಲು ಸಿರುಗುಪ್ಪದಲ್ಲೇ ಉಳಿದಳು. ಹೊನ್ನೂರಪ್ಪ ಹೆಂಡತಿಯ ಮಂಚದ ಕೆಳಗೆ ಚಾಪೆ ಹಾಸಿದ. ಕುರುಗೋಡಿನಿಂದ ಕೆಂಚಣ್ಣ, ಗಾದೆಮ್ಮ ಬಂದರು. ಬಂದ ಗಾದೆಮ್ಮ ವಾರ್ಡಿನ ಬಾಗಿಲಲ್ಲಿ ನಿಂತು, ನಳಿಗೆ ಹಚ್ಚಿದ ಮಗಳನ್ನು ನೋಡಿ, ತಿರುಗಿ ಹುಲುಗಮ್ಮನನ್ನು ನೋಡಿದಳು.

"ಸಮಾಧಾನ ಆತಾ ವದಿನೀ?"

ಹುಲುಗಮ್ಮನಿಗೆ ಅಳು ಬರಬೇಕಾದ ಜಾಗದಲ್ಲಿ ಯಾವಾಗಲೂ ಸಿಟ್ಟೇ ಬರುತ್ತಿತ್ತು.

"ನನ್ನನ್ನೇನು ಕೇಳ್ತಿ? ನಿನ್ನ ರಕ್ತ ಅದು! ನಿಮ್ಮ ಕುರುಗೋಡಿನ ಮನೀದು. ನಮ್ಮ ಮೋಕದಾಗ ಇಂಥ ರೋಗ ಯಾರಿಗೂ ಇದ್ದಿಲ್ಲ!"

"ಯಕ್ಕಾ, ಸುಮ್ನಿರು," ಎಂದ ಕೆಂಚಣ್ಣ. "ಗಾದೀ, ನೀನೂ ಸುಮ್ನಿರು." ಇಬ್ಬರೂ ಅವನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನರ್ಸಮ್ಮ ಬಂದು ಇಬ್ಬರನ್ನೂ ಹೊರಗೆ ಅಟ್ಟಿದಳು.

ಡಾಕ್ಟರಮ್ಮ ಅಷ್ಟಕ್ಕೇ ಬಿಡಲಿಲ್ಲ. ತಂದೆತಾಯಿಯ ರಕ್ತವೂ ಬೇಕು ಎಂದರು. "ನೀವು ಯಾರು?" ಎಂದು ಹುಲುಗಮ್ಮನನ್ನು ಕೇಳಿದರು. ಹುಡುಗಿಯ ತಂದೆಯ ಅಕ್ಕ, ಗಂಡನ ತಾಯಿ ಎಂದಾಗ ನಕ್ಕು, "ಹಾಗಾದರೆ ನಿಮ್ಮದೂ ಕೊಡಿ" ಎಂದರು. ಹುಲುಗಮ್ಮ ತೋಳು ಚಾಚಿದಳು. ತನ್ನ ರಕ್ತದಲ್ಲಿ ತಪ್ಪು ಸಿಗಲಾರದೆಂಬ ಧೈರ್ಯ ಅವಳಿಗಿತ್ತು.

ಆಸ್ಪತ್ರೆಯ ಹಿಂದೆ ಬೇವಿನ ಮರದ ಕೆಳಗೆ ರೋಗಿಗಳ ಕಡೆಯವರು ಮೂರು ಕಲ್ಲು ಹೂಡಿ ಅಡಿಗೆ ಮಾಡಿಕೊಳ್ಳುತ್ತಿದ್ದರು. ಜಾಗ ಕಡಿಮೆ, ಜನ ಹೆಚ್ಚು. ಹುಲುಗಮ್ಮ, ಗಾದೆಮ್ಮ ಒಂದೇ ಒಲೆಯಲ್ಲಿ ಬೇಯಿಸಬೇಕಾಯಿತು. ಮೊದಲ ದಿನ ಒಬ್ಬಳು ಇಟ್ಟ ಗಡಿಗೆ ಇಳಿಯುವವರೆಗೆ ಇನ್ನೊಬ್ಬಳು ಬೆನ್ನು ತಿರುಗಿಸಿ ಕೂತಳು. ಮರುದಿನ ಕಟ್ಟಿಗೆ ಹಸಿಯಾಗಿ ಹೊಗೆ ಸುತ್ತಿಕೊಂಡಾಗ ಇಬ್ಬರೂ ಒಟ್ಟಿಗೆ ಕೆಮ್ಮಿದರು. ಗಾದೆಮ್ಮ ಊದುತ್ತ ಊದುತ್ತ ಸುಸ್ತಾದಳು. ಹುಲುಗಮ್ಮ ಅವಳ ಕೈಯಿಂದ ಊದುಗೊಳವೆ ಕಸಿದುಕೊಂಡು ಊದಿದಳು. ಆಮೇಲೆ ಅನ್ನ ಒಂದೇ ಗಡಿಗೆಯಲ್ಲಿ ಆಗತೊಡಗಿತು.

"ಉಪ್ಪು ಕಡಿಮಿ ಹಾಕ್ತಿ," ಎಂದಳು ಹುಲುಗಮ್ಮ ಒಂದು ಮಧ್ಯಾಹ್ನ.

"ನಿಮ್ಮ ತಮ್ಮಗ ಕಡಿಮೀನ ಬೇಕು."

"ಮೋಕದಾಗ ಹಂಗಿದ್ದಿಲ್ಲ ಅವ."

ಗಾದೆಮ್ಮ ಮೆಲ್ಲಗೆ ನಕ್ಕಳು. ಕೇಳದಿದ್ದರೂ ತಾನೇ ಹೇಳತೊಡಗಿದಳು. ಈರಿ ಇನ್ನೂ ಅಂಬೆಗಾಲಿಡುವ ಕೂಸಾಗಿದ್ದಾಗ ಕೈಬೆರಳು, ಕಾಲ್ಬೆರಳು ಬಾಳೆಕಾಯಿಯಂತೆ ಬಾತುಕೊಂಡಿದ್ದವಂತೆ. ರಾತ್ರಿಯೆಲ್ಲ ಚೀರುತ್ತಿತ್ತಂತೆ. ತಣ್ಣೀರು ತಾಗಿದ ಮರುದಿನವೇ ಹಾಗಾಗುವುದನ್ನು ನೋಡಿ ನೋಡಿ ಗಾದೆಮ್ಮ ಬಿಸಿನೀರು ರೂಢಿ ಮಾಡಿದ್ದಳಂತೆ.

"ಹಂಪಿಗೆ?"

"ಆಕಿಗೂ ಕಾಲು ನೋಯ್ತಿತ್ತು, ವರ್ಷಕ್ಕೊಮ್ಮೆ. ಅತ್ತು ಎದ್ದು ಆಡಾಕ ಹೋಗ್ತಿದ್ಳು."

"ಈರೀದು ನನಗ ಯಾಕ ಹೇಳ್ಲಿಲ್ಲ?"

"ಹೇಳಿದ್ರ ನೀ ಸೊಸಿ ಮಾಡ್ಕೊಂತಿದ್ದೇನು ವದಿನೀ?"

ಹುಲುಗಮ್ಮ ಒಲೆಯ ಕೊಳ್ಳಿ ಹಿಂದಕ್ಕೆ ಎಳೆದಳು. ಸುಳ್ಳು ಹೇಳುವ ಅಭ್ಯಾಸ ಅವಳಿಗಿರಲಿಲ್ಲ.

"ಇಲ್ಲ. ಮಾಡ್ಕೊಂತಿದ್ದಿಲ್ಲ."

"ಅದಕ್ಕ ಹೇಳ್ಲಿಲ್ಲ. ಬ್ಯಾರೆ ಮನಿಗೆ ಕೊಟ್ರ ಯಾರು ನೋಡ್ತಾರ ಆಕೀನ? ಅತ್ತಿ ಮನಿ, ಬೈದ್ರೂ ಅತ್ತೀನ ಅಲ್ಲ ಅಂತ ಕೊಟ್ಟೆ."

ಹುಲುಗಮ್ಮನ ಕಣ್ಣಲ್ಲಿ ನೀರು ಬಂತು. ಹೊಗೆ ಎಂದಳು. ಕಟ್ಟಿಗೆ ಅಂದು ಒಣಗಿಯೇ ಇತ್ತು, ಆದರೂ ಗಾದೆಮ್ಮ ಹೌದೆಂದಳು.

ಐದನೆಯ ದಿನಕ್ಕೆ ಈರಮ್ಮನ ಜ್ವರ ಇಳಿಯಿತು. ಮೂಗಿನ ನಳಿಗೆ ತೆಗೆದರು. ಹುಲುಗಮ್ಮ ಗಂಜಿ ಕುಡಿಸುವಾಗ ಅವಳು ಮೊದಲು ಕೇಳಿದ್ದು, "ನಾಟಿ ಮುಗೀತಾ ಅತ್ತಿ?"

"ಮುಗೀತು."

"ನಾ ನೆಟ್ಟಗಾಗ್ಲಿಲ್ಲ."

ಹುಲುಗಮ್ಮ ಲೋಟ ಮುಂದೆ ಹಿಡಿದಳು. "ಬಾಯಿ ತಗಿ, ಗಂಜಿ ಆರ್ತೈತಿ" ಎಂದಳು. ಈರಮ್ಮ ಬಾಯಿ ತೆರೆದಳು.

ಮತ್ತೊಂದು ವಾರ ಕಳೆದ ಮೇಲೆ ಡಾಕ್ಟರಮ್ಮ ಎಲ್ಲರನ್ನೂ ತಮ್ಮ ಕೋಣೆಗೆ ಕರೆಸಿದರು. ಕೆಂಚಣ್ಣ, ಗಾದೆಮ್ಮ, ಹೊನ್ನೂರಪ್ಪ ಗೋಡೆಗೆ ಆತು ನಿಂತರು. ಹುಲುಗಮ್ಮ ಮಾತ್ರ ಮೇಜಿನ ಮುಂದೆ ನಿಂತಳು.

"ಅಮ್ಮಾರ, ಒಂದು ಮಾತು ಕೇಳ್ತೀನಿ. ಇಬ್ಬರೂ ಒಂದೇ ಹೊಟ್ಟ್ಯಾಗ ಹುಟ್ಟ್ಯಾರ. ಒಂದೇ ಕಾಯಿಲಿ ಅಂತೀರಿ. ನಮ್ಮ ಮನ್ಯಾಗ ಇಬ್ಬರೂ ಒಂದೇ ಉಂಡಾರ, ಒಂದೇ ಕೆಲಸ ಮಾಡ್ಯಾರ. ಒಬ್ಬಾಕಿ ಗದ್ದ್ಯಾಗ ಹಾಡು ಹಾಡ್ತಾಳ, ಇನ್ನೊಬ್ಬಾಕಿ ಸಾಯಾಕ ಬಿದ್ದಾಳ. ಯಾಕ?"

ಡಾಕ್ಟರಮ್ಮ ಅವಳನ್ನು ಕೂರಲು ಹೇಳಿದರು. "ಒಳ್ಳೆ ಪ್ರಶ್ನೆ. ಎಲ್ಲಾ ನಮಗೂ ಗೊತ್ತಿಲ್ಲ, ಗೊತ್ತಿದ್ದಷ್ಟು ಹೇಳ್ತೀನಿ. ತಾಯಿ ಹೊಟ್ಟೆಯಲ್ಲಿರುವಾಗ ಕೂಸಿನ ರಕ್ತ ಬೇರೆ ಥರ ಇರುತ್ತೆ. ಹುಟ್ಟಿದ ಮೇಲೆ ಅದು ಕಡಿಮೆಯಾಗ್ತಾ ಹೋಗಿ ದೊಡ್ಡವರ ರಕ್ತ ಬರುತ್ತೆ. ಈ ರೋಗ ಇರೋದು ದೊಡ್ಡವರ ರಕ್ತದಲ್ಲಿ. ಕೆಲವರಿಗೆ ಮಾತ್ರ ಕೂಸಿನ ರಕ್ತ ಪೂರ್ತಿ ಹೋಗೋದಿಲ್ಲ, ಒಂದಿಷ್ಟು ಉಳಿದುಬಿಡುತ್ತೆ. ಅದು ಇದ್ದರೆ ಕಣಗಳು ಅಷ್ಟು ಸುಲಭವಾಗಿ ಬಾಗೋದಿಲ್ಲ. ನಿಮ್ಮ ಹಂಪಮ್ಮನಿಗೆ ಅದು ಚೆನ್ನಾಗಿ ಉಳಿದಿದೆ. ಈರಮ್ಮನಿಗೆ ಇಲ್ಲ."

"ಹಂಪಿ ಏನು ತಿಂದಿದ್ದಕ್ಕ ಉಳಿದೈತಿ?"

"ತಿಂದದ್ದಕ್ಕಲ್ಲಮ್ಮಾ. ಹುಟ್ಟುವಾಗಲೇ ತಂದೆತಾಯಿ ಕಡೆಯಿಂದ ಬರೋದು. ಒಂದು ಮಗುವಿಗೆ ಬರುತ್ತೆ, ಇನ್ನೊಂದಕ್ಕೆ ಬರೋದಿಲ್ಲ."

ಹುಲುಗಮ್ಮ ಅಭ್ಯಾಸಬಲದಿಂದ ತಮ್ಮನ ಕಡೆ ನೋಡಿದಳು. "ನಮ್ಮ ಕಡಿಂದ ಬಂದಿದ್ದಂಗಾತು. ಆಕಿ ಥೇಟ್ ನನ್ನಂಗ ಅದಾಳ್ರಿ."

"ಇಲ್ಲ. ನಿಮ್ಮ ತಮ್ಮನಲ್ಲಿ ಅದು ಇಲ್ಲ. ನಿಮ್ಮಲ್ಲೂ ಇಲ್ಲ." ಡಾಕ್ಟರಮ್ಮ ಗಾದೆಮ್ಮನತ್ತ ಬೆರಳು ತೋರಿಸಿದರು. "ಇವರ ರಕ್ತದಲ್ಲಿದೆ. ಹಂಪಮ್ಮನನ್ನು ಕಾಪಾಡಿರೋದು ಇವರು ಕೊಟ್ಟದ್ದು."

ಹುಲುಗಮ್ಮ ಕುರ್ಚಿಯಲ್ಲಿ ಮುಂದಕ್ಕೆ ಸರಿದಳು.

"ಹಂಗಾದ್ರ ರೋಗ? ಅದು ಯಾರ ಕಡೀದು?"

"ಇಬ್ಬರದೂ. ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ. ಎರಡು ಅರ್ಧ ಕೂಡಿದಾಗಲೇ ರೋಗ. ಅರ್ಧ ಇದ್ದವರಿಗೆ ಸಾಮಾನ್ಯವಾಗಿ ಏನೂ ಆಗೋದಿಲ್ಲ, ಗೊತ್ತೂ ಆಗೋದಿಲ್ಲ. ನಿಮಗೂ ಅರ್ಧ ಇದೆ. ನಿಮ್ಮ ತವರುಮನೆಯಲ್ಲಿ ಇದ್ದದ್ದೇ ಅದು. ಗಂಡುಮಕ್ಕಳದೂ ಪುಟ್ಟ ಮಗುವಿನದೂ ನೋಡಬೇಕು, ಕರೆತನ್ನಿ."

ಹಂಪಮ್ಮನೂ ಪೂರ್ತಿ ಪಾರಾಗಿಲ್ಲ, ಅವಳೂ ಥಂಡಿ, ದಣಿವು, ನೀರಡಿಕೆ ಜೋಪಾನ ಮಾಡಬೇಕು. ಈರಮ್ಮನಂತೂ ಗದ್ದೆಗೆ ಇಳಿಯಲೇಬಾರದು, ಮಾತ್ರೆ ತಪ್ಪಿಸಬಾರದು, ಬಸುರಿಯಾದರೆ ಮೊದಲೇ ಬರಬೇಕು ಎಂದು ಡಾಕ್ಟರಮ್ಮ ಹೇಳುತ್ತ ಹೋದರು. ಹೊನ್ನೂರಪ್ಪ ಒಂದೊಂದಕ್ಕೂ ತಲೆಯಾಡಿಸಿದ. ಹುಲುಗಮ್ಮ ಮೇಜಿನ ಅಂಚು ಹಿಡಿದು ನೆಲ ನೋಡುತ್ತ ಕೂತಿದ್ದಳು.

ಹೊರಗೆ ಬಂದಾಗ ಗಾದೆಮ್ಮ ಗೆದ್ದವಳಂತೆ ನಡೆಯುತ್ತಾಳೆಂದು ಹುಲುಗಮ್ಮ ಎಣಿಸಿದ್ದಳು. ತಾನಾಗಿದ್ದರೆ ಹಾಗೇ ನಡೆಯುತ್ತಿದ್ದಳು. ಗಾದೆಮ್ಮ ಬೇವಿನ ಮರದ ಬುಡದಲ್ಲಿ ಕುಸಿದು ಕೂತು ಸೆರಗಿನಲ್ಲಿ ಮುಖ ಮುಚ್ಚಿ ಅಳತೊಡಗಿದಳು.

"ದೊಡ್ಡಾಕಿಗೆ ಕೊಟ್ಟೆ, ಸಣ್ಣಾಕಿಗೆ ಕೊಡ್ಲಿಲ್ಲ ವದಿನೀ. ಇಬ್ಬರನ್ನೂ ಇದೇ ಹೊಟ್ಟ್ಯಾಗ ಹೊತ್ತೀನಿ. ಒಬ್ಬಾಕಿಗೆ ಯಾಕ ಕೊಡ್ಲಿಲ್ಲ ನಾನು?"

ಹುಲುಗಮ್ಮ ಅವಳ ಪಕ್ಕ ಕೂತಳು. ಇಪ್ಪತ್ತೈದು ವರ್ಷದ ನೆಂಟಸ್ತನದಲ್ಲಿ ಅವಳು ಗಾದೆಮ್ಮನ ಬೆನ್ನು ಸವರಿದ್ದು ಅಂದೇ ಮೊದಲು. "ಕೊಡೋದು ನಿನ್ನ ಕೈಯಾಗಿತ್ತೇನ ಹುಚ್ಚೀ? ಕೈಯಾಗಿದ್ದಿದ್ರ ನನಗೂ ಒಂಚೂರು ಕೊಡ್ತಿದ್ದಿ ನೀನು. ಎದ್ದೇಳು. ಅನ್ನ ತಳ ಹಿಡೀತೈತಿ."

ಆಸ್ಪತ್ರೆಯಿಂದ ಬಿಟ್ಟ ದಿನ ಎಲ್ಲರೂ ಬಸ್‌ಸ್ಟ್ಯಾಂಡಿಗೆ ನಡೆದು ಬಂದರು. ಕುರುಗೋಡಿನ ಬಸ್ಸು ಮೊದಲೇ ನಿಂತಿತ್ತು. ಗಾದೆಮ್ಮ ಕೇಳಲೂ ಇಲ್ಲ, ಹೇಳಲೂ ಇಲ್ಲ. ಮಗಳ ಬಟ್ಟೆಗಂಟನ್ನು ತನ್ನ ಗಂಟಿನ ಜೊತೆ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಈರಮ್ಮ ಅವ್ವನ ಹಿಂದೆ ಎರಡು ಹೆಜ್ಜೆ ಹಾಕಿ ನಿಂತಳು. ಹೊನ್ನೂರಪ್ಪ ಒಮ್ಮೆ ಹೆಂಡತಿಯ ಮುಖ, ಒಮ್ಮೆ ತಾಯಿಯ ಮುಖ ನೋಡಿದ. ಆಮೇಲೆ ಎಂದೂ ಇಲ್ಲದವನು ಗಂಟಲು ಸರಿಮಾಡಿಕೊಂಡ.

"ಯವ್ವಾ, ಆಕಿ ಕುರುಗೋಡಿಗೆ ಹೋದ್ರ ನಾನೂ ಹೋಗ್ತೀನಿ. ಸೈಕಲ್ಲು ಅಲ್ಲೂ ಪಂಕ್ಚರ್ ಆಗ್ತಾವು."

"ಭಪ್ಪರೇ! ಮನಿಅಳಿಯ ಆಗ್ತೀಯೇನು ನೀನೂ?" ಹುಲುಗಮ್ಮ ಸೊಂಟದ ಮೇಲೆ ಕೈಯಿಟ್ಟಳು. ಸುತ್ತಲಿದ್ದ ಜನ ತಿರುಗಿ ನೋಡಿದರು. "ಯಾರೂ ಎಲ್ಲೂ ಹೋಗಂಗಿಲ್ಲ. ಗಾದೀ, ಆ ಗಂಟು ಇತ್ತ ಕೊಡು."

"ವದಿನೀ, ಗದ್ದಿ ಕೆಲಸ ಆಕಿ ಕೈಲಿ..."

"ಗದ್ದಿ ಮಾತು ಯಾರು ಎತ್ತಿದ್ರು?" ಗಂಟನ್ನು ಕಸಿದೇ ಕೊಂಡಳು. ಆಮೇಲೆ ದನಿ ಇಳಿಯಿತು. ಇಳಿದ ದನಿ ಅವಳಿಗೆ ರೂಢಿಯಿಲ್ಲದ್ದರಿಂದ ಸ್ವಲ್ಪ ನಡುಗಿತು. "ನನ್ನ ತೌರ್ಮನಿ ಈ ಹುಡುಗ್ಯಾರಿಗೆ ಏನು ಕೊಟ್ಟೈತಿ ಅಂತ ಡಾಕ್ಟ್ರಮ್ಮ ಹೇಳಿದ್ದು ಕೇಳಿದಿ. ಕುಡುಗೋಲು ಕೊಟ್ಟೈತಿ. ಇಬ್ಬರಿಗೂ ಕೊಟ್ಟೈತಿ. ಹಂಪಿಗೆ ನೀ ಏನೋ ಒಂದು ಹೊಚ್ಚಿ ಕಳಿಸೀದಿ, ಆಕಿ ಉಳಕೊಂಡಾಳ. ಈಕಿಗೆ ಹೊಚ್ಚಾಕ ಏನೂ ಬಂದಿಲ್ಲ. ಹಂಗಾದ್ರ ಈಕೀನ ಹೊಚ್ಚಿ ಇಟ್ಕೊಳ್ಳೋದು ಯಾರ ಕೆಲಸ? ನಂದಲ್ಲೇನು?"

ಗಾದೆಮ್ಮ ವದಿನಿಯ ಎರಡೂ ಕೈ ಹಿಡಿದು ತನ್ನ ಹಣೆಗೆ ಒತ್ತಿಕೊಂಡಳು. ಕೆಂಚಣ್ಣ ಅತ್ತ ತಿರುಗಿ ಬೀಡಿ ಹುಡುಕುವವನ ಹಾಗೆ ಜೇಬು ತಡಕಾಡಿದ. ಕಂಡಕ್ಟರ್ ಸೀಟಿ ಊದಿದ. ಕೆಂಚಣ್ಣ, ಗಾದೆಮ್ಮ ಕುರುಗೋಡಿನ ಬಸ್ಸು ಹತ್ತಿದರು. ಕಿಟಕಿಯಿಂದ ಗಾದೆಮ್ಮ ಕೈ ಬೀಸಿದ್ದು ಮಗಳಿಗೋ ಹುಲುಗಮ್ಮನಿಗೋ ತಿಳಿಯಲಿಲ್ಲ; ಇಬ್ಬರೂ ತಿರುಗಿ ಬೀಸಿದರು.

ಸಿರುಗುಪ್ಪದ ಬಸ್ಸು ತುಂಬಿ ಬಂತು. ಹೊನ್ನೂರಪ್ಪ ಟವೆಲ್ ಎಸೆದು ಒಂದು ಸೀಟು ಹಿಡಿದ. ಅದರ ಕಿಟಕಿಯ ಬಾಗಿಲು ಮೇಲಕ್ಕೂ ಬಾರದು, ಕೆಳಕ್ಕೂ ಇಳಿಯದು. ಊರು ದಾಟಿದ್ದೇ ಬಯಲಿನ ಗಾಳಿ ನುಗ್ಗಿತು. ಕಿಟಕಿಗೆ ಕೂತಿದ್ದ ಈರಮ್ಮನನ್ನು ಹುಲುಗಮ್ಮ ಎಬ್ಬಿಸಿ ಈಚೆಗೆ ಕೂರಿಸಿ, ತಾನು ಕಿಟಕಿಯ ತುಂಬ ಕೂತಳು. ಬೆನ್ನನ್ನು ಗಾಳಿಗೆ ಕೊಟ್ಟು, ಸೆರಗನ್ನು ಈರಮ್ಮನ ತಲೆಯಿಂದ ಎದೆಯವರೆಗೆ ಸುತ್ತಿದಳು. ಹಾಗೆ ಸೆರಗು ಬಿಟ್ಟುಕೊಟ್ಟವಳ ಭುಜ, ತೋಳು ಗಾಳಿಗೆ ಬಯಲಾದವು.

"ಅತ್ತಿ, ನಿನಗ ಥಂಡಿ ಹತ್ತೈತಿ," ಎಂದಳು ಈರಮ್ಮ ಸೆರಗಿನೊಳಗಿನಿಂದ.

"ನನಗೇನಾಕೈತಿ? ನಂದು ಅರ್ಧನ ಅಂತ ಹೇಳ್ಯಾರ. ಸುಮ್ನ ಮಕ್ಕೋ."